ನೋವಿಗೆ ಗಾಂಜಾ: ಕಾನೂನು ಎಲ್ಲಿಯವರೆಗೆ ಬಿಡುತ್ತದೆ?

"ಅಮ್ಮನಿಗೆ ಹತ್ತು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಗಾಂಜಾ ಎಣ್ಣೆ ಹಚ್ಚಿದರೆ, ಎರಡು ಹನಿ ನಾಲಿಗೆಗೆ ಹಾಕಿದರೆ ನೋವು ಇಳಿಯುತ್ತದಂತೆ. ತರಿಸಬಹುದೇ?" ಈಚಿನ ವರ್ಷಗಳಲ್ಲಿ ವಕೀಲರನ್ನೂ ವೈದ್ಯರನ್ನೂ ಹೀಗೆ ಕೇಳುವವರು ಹೆಚ್ಚಾಗಿದ್ದಾರೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಈ ಕಾಯಿಲೆಗಳು ವಾಸಿಯಾಗುವಂಥವಲ್ಲ, ಜೀವಮಾನವಿಡೀ ನಿಭಾಯಿಸಬೇಕಾದಂಥವು. ಬೆಳಗಾಗೆದ್ದು ಬೆರಳು ಮಡಚಲಾಗದೆ ಹಾಲಿನ ಪ್ಯಾಕೆಟ್ ಕತ್ತರಿಸುವುದಕ್ಕೂ ಇನ್ನೊಬ್ಬರನ್ನು ಕರೆಯಬೇಕಾದವರು, ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಕಾಲು ಸೆಟೆದು ರಾತ್ರಿಯಿಡೀ ನಿದ್ದೆ ಕಾಣದವರು ಸಿಕ್ಕ ದಾರಿಯನ್ನೆಲ್ಲ ಹುಡುಕುವುದು ಸಹಜ. ಆದರೆ ಈ ದಾರಿಯಲ್ಲಿ ಒಂದು ಹೆಜ್ಜೆ ತಪ್ಪಿದರೂ ರೋಗಿ ಆರೋಪಿಯಾಗುತ್ತಾರೆ. ಹೆಜ್ಜೆ ಎಲ್ಲಿಡಬೇಕು ಎಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆ, 1985, ಎಲ್ಲರ ಬಾಯಲ್ಲಿ ಎನ್‌ಡಿಪಿಎಸ್ ಕಾಯ್ದೆ. ಇದು ಇಡೀ ಗಿಡವನ್ನು ಒಂದೇ ತಕ್ಕಡಿಯಲ್ಲಿ ಹಾಕಿಲ್ಲ. ಸೆಕ್ಷನ್ 2(iii)ರ ಪ್ರಕಾರ ಗಿಡದ ಅಂಟು ಚರಸ್. ಹ್ಯಾಶಿಶ್ ಎಣ್ಣೆಯೂ ಅದರಲ್ಲೇ ಸೇರುತ್ತದೆ. ಹೂವು ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ಇವೆರಡರ ಮಿಶ್ರಣ, ಇವುಗಳಿಂದ ಮಾಡಿದ ಪಾನೀಯವೂ ನಿಷಿದ್ಧ. ತುದಿಯ ಜೊತೆಗಿರದ ಬರೀ ಎಲೆ ಮತ್ತು ಬೀಜ ಮಾತ್ರ ಗಾಂಜಾದ ವ್ಯಾಖ್ಯೆಯಿಂದ ಹೊರಗಿವೆ. ರೋಗಿಗೆ ಇಂದು ಉಳಿದಿರುವ ಕಾನೂನುಬದ್ಧ ದಾರಿಯೆಲ್ಲ ಈ ಸಣ್ಣ ವಿನಾಯಿತಿಯಿಂದ ಬಂದದ್ದು.

ಸೆಕ್ಷನ್ 8ರಲ್ಲಿ "ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ" ಎಂಬ ಮಾತಿದೆ. ಇದನ್ನು ಓದಿ "ನನಗೆ ಕಾಯಿಲೆ ಇದೆ, ಆದ್ದರಿಂದ ಇಟ್ಟುಕೊಳ್ಳಬಹುದು" ಎಂದು ನಂಬಿದವರಿದ್ದಾರೆ. ಆ ಮಾತಿನ ಬೆನ್ನಿಗೇ "ಕಾಯ್ದೆ ಮತ್ತು ನಿಯಮಗಳು ಹೇಳಿದ ರೀತಿಯಲ್ಲಿ, ಹೇಳಿದಷ್ಟು ಮಟ್ಟಿಗೆ" ಎಂಬ ಷರತ್ತೂ ಇದೆ. ವೈದ್ಯರ ಚೀಟಿ ಹಿಡಿದು ಗಾಂಜಾ ಕೊಳ್ಳಲು ದಾರಿ ಮಾಡಿಕೊಡುವ ನಿಯಮ ಕರ್ನಾಟಕದಲ್ಲಿ ಇಲ್ಲ. ನಿಮ್ಮ ನೋವು ಎಷ್ಟೇ ನಿಜವಾಗಿದ್ದರೂ, ಆಸ್ಪತ್ರೆಯ ಫೈಲು ಎಷ್ಟೇ ದಪ್ಪವಾಗಿದ್ದರೂ, ಬೀದಿಯಲ್ಲಿ ಕೊಂಡ ಗಾಂಜಾಕ್ಕೆ ಅದು ರಕ್ಷಣೆಯಾಗುವುದಿಲ್ಲ. ಶಿಕ್ಷೆ ನಿಗದಿಯ ಹೊತ್ತಿಗೆ ನ್ಯಾಯಾಧೀಶರ ಮನಸ್ಸು ಕರಗಬಹುದು, ಅಷ್ಟೇ. ಸೆಕ್ಷನ್ 35 ಮತ್ತು 54 ಬೇರೆ ಆರೋಪಿಯ ವಿರುದ್ಧವೇ ಅನುಮಾನ ತಾಳುತ್ತವೆ. ತನ್ನ ಬಳಿ ಇದ್ದದ್ದಕ್ಕೆ ಸಮಾಧಾನ ಹೇಳುವ ಹೊಣೆ ಆರೋಪಿಯ ಮೇಲೆಯೇ ಬೀಳುತ್ತದೆ.

ಶಿಕ್ಷೆ ತೂಕವನ್ನು ಅವಲಂಬಿಸಿದೆ. ಗಾಂಜಾ 1 ಕಿಲೋವರೆಗೆ, ಚರಸ್ 100 ಗ್ರಾಂವರೆಗೆ "ಅಲ್ಪ ಪ್ರಮಾಣ". ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಾಂಜಾ 20 ಕಿಲೋ, ಚರಸ್ 1 ಕಿಲೋ ಮೀರಿದರೆ "ವಾಣಿಜ್ಯ ಪ್ರಮಾಣ". ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ನಡುವಿನದಕ್ಕೆ 10 ವರ್ಷದವರೆಗೆ. ಮನೆಮದ್ದು ಮಾಡುವವರು ಗಮನಿಸಬೇಕಾದ ತೀರ್ಪೊಂದಿದೆ. 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೆರಕೆಯಾದ ಮಾದಕವಸ್ತುವನ್ನು ತೂಗುವಾಗ ಬೆರೆಸಿದ ಪದಾರ್ಥದ ತೂಕವನ್ನೂ ಸೇರಿಸಬೇಕು ಎಂದಿತು. ಅರ್ಧ ಕಿಲೋ ತುಪ್ಪಕ್ಕೆ ಬೆರಳ ತುದಿಯಷ್ಟು ಚರಸ್ ಕಲಸಿಟ್ಟರೂ ಲೆಕ್ಕ ಅರ್ಧ ಕಿಲೋಗೇ. ಅಲ್ಪ ಪ್ರಮಾಣದ ಗೆರೆ ಅಲ್ಲಿಗೆ ದಾಟಿಹೋಗುತ್ತದೆ.

ಹಿತ್ತಲಲ್ಲಿ ಒಂದು ಗಿಡ ಬೆಳೆಸಿಕೊಂಡರೆ? ದಯವಿಟ್ಟು ಬೇಡ. ಬೆಳೆಯುವುದಕ್ಕೆ ಅಲ್ಪ ಪ್ರಮಾಣ ಎಂಬ ರಿಯಾಯಿತಿ ಇಲ್ಲ. ಸೆಕ್ಷನ್ 20(ಎ) ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಅಮ್ಮನಿಗಾಗಿ ಮಗ ಕೊಂಡು ತಂದರೆ ಸಿಕ್ಕಿಬೀಳುವುದು ಮಗ.

ಹಾಗಾದರೆ ಕಾನೂನುಬದ್ಧ ದಾರಿ ಯಾವುದು? ಗಾಂಜಾ ಗಿಡದ ಬರೀ ಎಲೆಗೆ, ಅಂದರೆ ಭಂಗಿಗೆ, ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿದೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಡಿಯ ನಿಯಮಗಳಲ್ಲಿ ಷೆಡ್ಯೂಲ್ ಇ(1) ಎಂಬ ಪಟ್ಟಿ ಇದೆ; ಆಯುರ್ವೇದ, ಸಿದ್ಧ, ಯುನಾನಿಗಳಲ್ಲಿ ಬಳಸುವ ವಿಷಕರ ದ್ರವ್ಯಗಳ ಪಟ್ಟಿ ಅದು. ದತ್ತೂರ, ವತ್ಸನಾಭಿಗಳ ಜೊತೆ ಭಂಗಿಯೂ ಅಲ್ಲಿದೆ. ಅಬಕಾರಿ ಅನುಮತಿ ಪಡೆದು ತಂದ ಎಲೆಯಿಂದ, ರಾಜ್ಯ ಆಯುಷ್ ಪರವಾನಗಿ ಪ್ರಾಧಿಕಾರದ ಲೈಸೆನ್ಸ್ ಹೊಂದಿದ ಕಂಪನಿ ಔಷಧ ತಯಾರಿಸಬಹುದು. ಇಂಥ ಎಣ್ಣೆ, ಗುಳಿಗೆ, ಮುಲಾಮುಗಳು ಈಗ ಬೆಂಗಳೂರಿನಂಥ ಊರುಗಳಲ್ಲಿ ಸಿಗುತ್ತವೆ.

ನೋಂದಾಯಿತ ಆಯುರ್ವೇದ ವೈದ್ಯರನ್ನು ಕಂಡು, ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪಟ್ಟಿ ತೋರಿಸಿ, ಲಿಖಿತ ಚೀಟಿ ಪಡೆಯಿರಿ. ಚೀಟಿಯಲ್ಲಿ ನಿಮ್ಮ ಹೆಸರು, ರೋಗ, ಔಷಧದ ಹೆಸರು, ಪ್ರಮಾಣ, ಎಷ್ಟು ದಿನಕ್ಕೆ, ದಿನಾಂಕ, ವೈದ್ಯರ ನೋಂದಣಿ ಸಂಖ್ಯೆ ಇರಲೇಬೇಕು. ಬಾಟಲಿ ಕೈಗೆ ಬಂದೊಡನೆ ಅದರ ಮೇಲಿನ ಚೀಟಿಯನ್ನು ಬೆಳಕಿಗೆ ಹಿಡಿದು ಓದಿ: ಆಯುರ್ವೇದ ಔಷಧವೆಂಬ ನಮೂದು, ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ. ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆಯನ್ನು ಷೆಡ್ಯೂಲ್ ಇ(1) ಔಷಧಗಳ ಮೇಲೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮುದ್ರಿಸುವುದು ನಿಯಮ 161ರ ಪ್ರಕಾರ ಕಡ್ಡಾಯ. (ಕನ್ನಡದಲ್ಲೂ ಮುದ್ರಿಸಬೇಕೆಂಬ ನಿಯಮ ಬರಬೇಕು, ಓದಲಾಗದ ಎಚ್ಚರಿಕೆ ಹಳ್ಳಿಯ ಅಜ್ಜಿಯನ್ನು ಕಾಯುವುದಿಲ್ಲ.) ಇದಿಲ್ಲದ ಬಾಟಲಿ ಮುಟ್ಟಬೇಡಿ. ರಸೀದಿ ಎಸೆಯಬೇಡಿ. ಔಷಧವನ್ನು ಬೇರೆ ಡಬ್ಬಿಗೆ ಸುರಿದುಕೊಳ್ಳಬೇಡಿ. ಬಾಟಲಿ ಬದಲಾದರೆ ಅದು ಔಷಧವೆಂದು ಹೇಳುವ ಗುರುತೇ ಹೋಯಿತು.

ಎಲೆ ಎನ್‌ಡಿಪಿಎಸ್ ವ್ಯಾಖ್ಯೆಯಿಂದ ಹೊರಗಿದೆ ಎಂದ ಮಾತ್ರಕ್ಕೆ ಭಂಗಿ ಬೇಕಾಬಿಟ್ಟಿ ವಸ್ತುವಲ್ಲ. ಅದರ ಮೇಲೆ ರಾಜ್ಯದ ಅಬಕಾರಿ ಕಾನೂನಿನ ಹಿಡಿತ ಇದೆ, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಭಂಗಿಯನ್ನು ಗಾಂಜಾ ಅಥವಾ ಚರಸ್‌ನಿಂದ ಮಾಡಿದ್ದೆಂದು ತೋರಿಸುವ ಆಧಾರ ಇಲ್ಲವೆಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಆರೋಪಿಯೊಬ್ಬರಿಗೆ ಜಾಮೀನು ಕೊಟ್ಟಿತು. ಅದು ಜಾಮೀನು ಆದೇಶ, ಮಾರಾಟಕ್ಕೆ ಪರವಾನಗಿಯಲ್ಲ. ಮರುವರ್ಷವೇ ಮಂಗಳೂರಿನಲ್ಲಿ ಅಮಲು ಬರಿಸುವ ಚಾಕೊಲೇಟ್ ಮಾರುತ್ತಿದ್ದ ಅಂಗಡಿಯವರನ್ನು ಪೊಲೀಸರು ಬಂಧಿಸಿದರು. ಪೊಟ್ಟಣದ ಮೇಲೆ ಆಯುರ್ವೇದ ಎಂದು ಅಚ್ಚಾದರೆ ಸಾಲದು.

ಬೀಜದ ಎಣ್ಣೆ ಬೇರೆ ವಸ್ತು. ಗಾಂಜಾ ಜಾತಿಯ ಗಿಡದ ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಮಾನದಂಡ ಹೊರಡಿಸಿತು. ಅದು ಅಡುಗೆಮನೆಯ ಪದಾರ್ಥ, ನೋವಿನ ಮದ್ದಲ್ಲ.

"ಸಂಧಿವಾತ ಬುಡಸಮೇತ ಮಾಯ" ಎಂಬ ಜಾಹೀರಾತು ಮೊಬೈಲಿನಲ್ಲಿ ಕಂಡರೆ, ಆ ಜಾಹೀರಾತೇ ಅಪರಾಧ ಎಂದು ತಿಳಿಯಿರಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿರುವ ರೋಗಗಳನ್ನು ಗುಣಪಡಿಸುತ್ತೇವೆಂದು ಪ್ರಚಾರ ಮಾಡುವಂತಿಲ್ಲ. ವಾತರೋಗ, ಲೂಪಸ್, ಪಾರ್ಶ್ವವಾಯು ಮೂರೂ ಆ ಪಟ್ಟಿಯಲ್ಲಿವೆ. ಮೋಸ ಹೋದವರು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.

ಔಷಧದ ಗುಣದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯು ಬಿಗಿತಕ್ಕೆ ಗಾಂಜಾ ಸಾರದ ಸ್ಪ್ರೇ ಒಂದನ್ನು ಬ್ರಿಟನ್ 2010ರಲ್ಲಿ ಒಪ್ಪಿತು. ಸಂಧಿವಾತ, ಲೂಪಸ್‌ಗಳ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ. ನೋವು, ನಿದ್ದೆಯಲ್ಲಿ ಸ್ವಲ್ಪ ನೆಮ್ಮದಿ ಸಿಗಬಹುದು. ಕೀಲು ಸವೆಯುವುದು ನಿಲ್ಲುತ್ತದೆಂದು ನಂಬಿ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್ ನಿಲ್ಲಿಸಿದರೆ ಕೀಲುಗಳು ಶಾಶ್ವತವಾಗಿ ಹಾಳಾಗುವ ಅಪಾಯವಿದೆ. ರಕ್ತ ತೆಳುಮಾಡುವ ವಾರ್ಫರಿನ್‌ನಂಥ ಮಾತ್ರೆಗಳ ಜೊತೆ ಇದು ತೊಡಕು ಮಾಡುತ್ತದೆ. ನಿಮ್ಮ ಮುಖ್ಯ ವೈದ್ಯರಿಂದ ಮುಚ್ಚಿಡಬೇಡಿ. ಸೇವಿಸಿ ವಾಹನವನ್ನಂತೂ ಓಡಿಸಬೇಡಿ: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185 ಕುಡಿದವರಿಗೆ ಮಾತ್ರವಲ್ಲ, ಯಾವುದೇ ಔಷಧದ ಅಮಲಿನಲ್ಲಿ ಹಿಡಿತ ತಪ್ಪಿದವರಿಗೂ ಅನ್ವಯಿಸುತ್ತದೆ.

ವಿದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಇನ್ನೊಂದು ಎಚ್ಚರಿಕೆ. ಕೆನಡಾದಲ್ಲಿ ಅಂಗಡಿಯಲ್ಲೇ ಸಿಗಬಹುದು, ಜರ್ಮನಿಯಲ್ಲಿ ವೈದ್ಯರೇ ಬರೆದುಕೊಡಬಹುದು. ಆ ಚೀಟಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ದೇಶದೊಳಕ್ಕೆ ತರುವುದು ಸೆಕ್ಷನ್ 23ರ ಅಪರಾಧ. ಇಲ್ಲಿ ಕಾನೂನುಬದ್ಧವಾಗಿ ಕೊಂಡ ವಿಜಯಾ ಎಣ್ಣೆಯನ್ನು ದುಬೈಗೋ ಸಿಂಗಪುರಕ್ಕೋ ಒಯ್ಯುವುದು ಇನ್ನೂ ದೊಡ್ಡ ಅಪಾಯ.

ಪೊಲೀಸರು ತಡೆದರೆ ಗಾಬರಿಯಾಗಿ ಓಡಬೇಡಿ, ಬಾಟಲಿ ಎಸೆಯಬೇಡಿ. ಚೀಟಿ ಮತ್ತು ರಸೀದಿ ತೋರಿಸಿ. ಮೈ ತಪಾಸಣೆ ಮಾಡುವ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆಗೆ ಒತ್ತಾಯಿಸುವ ಹಕ್ಕು ನಿಮಗಿದೆ ಎಂದು ಅಧಿಕಾರಿಯೇ ತಿಳಿಸಬೇಕು. ಸೆಕ್ಷನ್ 50ರ ಈ ವಿಧಿ ಕಡ್ಡಾಯವೆಂದು 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸಾರಿದೆ. ಕೈಚೀಲ, ಬ್ಯಾಗಿನ ತಪಾಸಣೆಗೆ ಈ ರಕ್ಷಣೆ ಇಲ್ಲ. ಮಹಿಳೆಯ ಮೈ ತಪಾಸಣೆಯನ್ನು ಮಹಿಳೆಯೇ ಮಾಡಬೇಕು. ಬರೆದದ್ದನ್ನು ಓದದೆ ಸಹಿ ಹಾಕಬೇಡಿ.

ಬಂಧನವಾದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸ್ಟೆರಾಯ್ಡ್ ಸೇವಿಸುವ ರೋಗಿಗಳು ಈ ಹಂತದಲ್ಲಿ ಮುಖ್ಯವಾದ ಸಂಗತಿಯೊಂದನ್ನು ಹೇಳಲೇಬೇಕು. ಪ್ರೆಡ್ನಿಸೊಲೋನ್ ಬಹುಕಾಲ ನುಂಗುತ್ತಿದ್ದವರಿಗೆ ಅದು ಹಠಾತ್ತಾಗಿ ತಪ್ಪಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 56 ಬಂಧಿತರ ಆರೋಗ್ಯ ನೋಡಿಕೊಳ್ಳುವ ಹೊಣೆಯನ್ನು ವಶದಲ್ಲಿಟ್ಟುಕೊಂಡವರ ಮೇಲೆ ಹೊರಿಸಿದೆ. ಸೆಕ್ಷನ್ 53 ಪ್ರಕಾರ ವೈದ್ಯಕೀಯ ತಪಾಸಣೆ ಆಗಬೇಕು. ಯಾವ ಮಾತ್ರೆ, ಯಾವ ಹೊತ್ತಿಗೆ ಎಂದು ವೈದ್ಯಾಧಿಕಾರಿಗೆ ಹೇಳಿ ವರದಿಯಲ್ಲಿ ಬರೆಸಿ, ಮ್ಯಾಜಿಸ್ಟ್ರೇಟರಿಗೂ ಬಾಯಿಬಿಟ್ಟು ಹೇಳಿ. ಎನ್‌ಡಿಪಿಎಸ್ ಎಂದೊಡನೆ ಜಾಮೀನೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಸೆಕ್ಷನ್ 37ರ ಬಿಗಿ ಷರತ್ತು ಮುಖ್ಯವಾಗಿ ವಾಣಿಜ್ಯ ಪ್ರಮಾಣದ ಪ್ರಕರಣಗಳಿಗೆ. ಕಾಯಿಲೆ ಇರುವವರಿಗೆ ಜಾಮೀನು ನೀಡುವಾಗ ನ್ಯಾಯಾಲಯ ಅದನ್ನು ಪರಿಗಣಿಸಬಹುದು. ವಕೀಲರನ್ನಿಡಲು ಹಣವಿಲ್ಲದಿದ್ದರೆ ಕಾನೂನು ನೆರವು ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರು, ಅಂಗವಿಕಲರು, ವಶದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಮಲ್ಟಿಪಲ್ ಸ್ಕ್ಲೆರೋಸಿಸ್ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಗುರುತಿನ ಚೀಟಿ ಮಾಡಿಸಿಕೊಳ್ಳದವರು ಮಾಡಿಸಿಕೊಳ್ಳಿ.

ಕಾನೂನು ಬದಲಾಗಲಾರದ್ದೇನಲ್ಲ. ನೋವು ನಿವಾರಕ ಮಾರ್ಫಿನ್‌ನ ವಿಷಯದಲ್ಲಿ ಸಂಸತ್ತು 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೇ ತಿದ್ದುಪಡಿ ತಂದು, ಕ್ಯಾನ್ಸರ್ ರೋಗಿಗಳಿಗೆ ಅದು ಮಾನ್ಯತೆ ಪಡೆದ ಆಸ್ಪತ್ರೆಗಳ ಮೂಲಕ ದೊರೆಯುವಂತೆ ಹಾದಿ ಸುಗಮ ಮಾಡಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆದಾಗ ಭಾರತ ಪರವಾಗಿಯೇ ಮತ ಹಾಕಿತು. ಗಾಂಜಾದ ಬೆಳೆ, ಮಾರಾಟ, ಬಳಕೆಗೆ ಅನುಮತಿ ಕೊಟ್ಟು ನಿಯಂತ್ರಿಸುವ ನಿಯಮ ಮಾಡುವ ಅಧಿಕಾರವನ್ನು ಸೆಕ್ಷನ್ 10 ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ತಜ್ಞ ವೈದ್ಯರ ಚೀಟಿ, ಪರೀಕ್ಷಿಸಿದ ಔಷಧ, ಲೆಕ್ಕ ಇಡುವ ಆಸ್ಪತ್ರೆ, ಈ ಮೂರನ್ನು ಕಡ್ಡಾಯ ಮಾಡಿ ನಿಜವಾದ ರೋಗಿಗಳಿಗಾಗಿ ಕರ್ನಾಟಕ ನಿಯಮ ರೂಪಿಸಬೇಕು. ಈ ಬೇಡಿಕೆಯನ್ನು ನಿಮ್ಮ ಶಾಸಕರಿಗೆ, ಆರೋಗ್ಯ ಸಚಿವರಿಗೆ ಪತ್ರ ಬರೆದು ತಿಳಿಸಿ. ನಿಯಮ ಬರುವ ತನಕ ಚೀಟಿ, ರಸೀದಿ, ಮೂಲ ಬಾಟಲಿ ಮೂರೂ ಒಟ್ಟಿಗಿರಲಿ.