ನಕಲು ಎಲ್ಲಿ ಮುಗಿಯುತ್ತದೆ, ಶೈಲಿ ಎಲ್ಲಿ ಶುರುವಾಗುತ್ತದೆ?

‘ನಕಲು’ ಎಂಬ ಪದ ಕನ್ನಡಕ್ಕೆ ಬಂದದ್ದು ನಮ್ಮ ಮನೆಮಾತಾದ ಉರ್ದುವಿನ ಕಡೆಯಿಂದ. ಪರೀಕ್ಷೆಯಲ್ಲಿ ನಕಲು ಮಾಡಿದರೆ ಹೊರಗೆ ಹಾಕುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಅದೇ ನಕಲಿಗೆ ಶುಲ್ಕ ಕಟ್ಟಿ, ಮೊಹರು ಹಾಕಿಸಿಕೊಂಡು ಬರುತ್ತೇವೆ. ಉರ್ದುವಿನಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ: ಒಬ್ಬರಿಂದ ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದು. ಒಂದೇ ಪದಕ್ಕೆ ಅಪರಾಧ, ದಾಖಲೆ, ಕಥೆ ಹೇಳುವ ಕೆಲಸ ಎಂಬ ಮೂರು ಅರ್ಥಗಳು.

ಸಿನಿಮಾ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಮೊದಲನೆಯ ಅರ್ಥವನ್ನೇ ಹಿಡಿಯುತ್ತೇವೆ. ‘ಶೋಲೆ’ ಹೆಸರು ಎತ್ತಿದರೆ ಸಾಕು, “ಅದು ಇಂಗ್ಲಿಷ್ ಕೌಬಾಯ್ ಸಿನಿಮಾದ ಕಾಪಿ” ಎಂದು ಯಾರಾದರೂ ಹೇಳುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ, ಚರ್ಚೆ ಮುಗಿಯುತ್ತದೆ. ಹಾಗಾದರೆ ಒಬ್ಬ ನಿರ್ದೇಶಕ ಹಳೆಯ ಬಗೆಯ ಕಥೆಯನ್ನು ತೆಗೆದುಕೊಂಡು ಅದನ್ನು ತನ್ನದನ್ನಾಗಿ ಮಾಡಿಕೊಳ್ಳುವುದು ಎಂದರೇನು? ಇದಕ್ಕೆ ಉತ್ತರ ಹುಡುಕಲು ನನಗೆ ಸಿಕ್ಕಿದ ಒಳ್ಳೆಯ ಉದಾಹರಣೆ ಒಂದೇ ಕಥೆಯ ಪ್ರಯಾಣ. ಅದು ಜಪಾನಿನಿಂದ ಇಟಲಿಗೆ ಹೋಗಿ, ಅಲ್ಲಿ ಬೇರೆಯೇ ರೂಪ ಪಡೆದು, ಆ ರೂಪದ ಒಂದು ತುಣುಕು ನಮ್ಮ ರಾಮನಗರದ ಬಂಡೆಗಳವರೆಗೂ ಬಂದಿದೆ.

ಮೊದಲು ‘ಪ್ರಕಾರ’ ಎಂದರೆ ಏನು ಎಂದು ನೋಡೋಣ. ನಾವು ವಾಣಿಜ್ಯ ವಿಭಾಗದವರು ಕಂಪನಿಯ ಅಢಾವೆ ಪತ್ರಿಕೆ ಬರೆಯುವಾಗ ನಮೂನೆಯನ್ನು ನಾವೇ ಕಂಡುಹಿಡಿಯುವುದಿಲ್ಲ. ಆಸ್ತಿ ಎಲ್ಲಿ, ಬಾಧ್ಯತೆ ಎಲ್ಲಿ ಎಂಬುದು ಮೊದಲೇ ನಿಗದಿಯಾಗಿದೆ. ಆದರೂ ಎರಡು ಕಂಪನಿಗಳ ಪತ್ರಿಕೆ ಒಂದೇ ಆಗಿರುವುದಿಲ್ಲ. ಸಿನಿಮಾ ಪ್ರಕಾರವೂ ಅಂಥದ್ದೇ ನಮೂನೆ. ಅಮೆರಿಕದ ‘ವೆಸ್ಟರ್ನ್’ ಚಿತ್ರ ಎಂದರೆ ಕುದುರೆ, ಧೂಳು, ಕಾನೂನು ಇನ್ನೂ ತಲುಪದ ಒಂದು ಊರು, ಹೊರಗಿನಿಂದ ಬರುವ ಒಬ್ಬ ಗಂಡಸು, ಕೊನೆಗೆ ಬೀದಿಯಲ್ಲಿ ಪಿಸ್ತೂಲಿನ ಕಾಳಗ. ಜಾನ್ ಫೋರ್ಡ್ ಅವರ ‘ಸ್ಟೇಜ್‌ಕೋಚ್’ (1939) ಮುಂತಾದ ಚಿತ್ರಗಳಲ್ಲಿ ಈ ನಮೂನೆ ಗಟ್ಟಿಯಾಯಿತು. ಫೋರ್ಡ್ ಅವರ ನಾಯಕ ಸಾಮಾನ್ಯವಾಗಿ ಕರ್ತವ್ಯಕ್ಕಾಗಿ ಹೋರಾಡುವವನು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1961ರಲ್ಲಿ ಜಪಾನಿನ ಅಕಿರ ಕುರೊಸಾವ ‘ಯೋಜಿಂಬೊ’ ಚಿತ್ರ ಮಾಡಿದರು. ಫೋರ್ಡ್ ಎಂದರೆ ಅವರಿಗೆ ಬಹಳ ಗೌರವ, ವೆಸ್ಟರ್ನ್ ಚಿತ್ರಗಳ ಪ್ರಭಾವವೂ ಅವರ ಮೇಲೆ ಇತ್ತು. ಕಥೆ ಇಷ್ಟು: ಒಡೆಯನಿಲ್ಲದ ಒಬ್ಬ ಸಮುರಾಯ್ ಕವಲುದಾರಿಯಲ್ಲಿ ಒಂದು ಕೋಲನ್ನು ಮೇಲಕ್ಕೆ ಎಸೆದು, ಅದು ಬಿದ್ದ ದಿಕ್ಕಿಗೆ ನಡೆಯುತ್ತಾನೆ. ಹೋಗಿ ಸೇರುವುದು ಎರಡು ಗುಂಪುಗಳು ಕಿತ್ತಾಡುವ ಒಂದು ಊರಿಗೆ. ಆತ ತನ್ನ ಕತ್ತಿಯನ್ನು ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಬಾಡಿಗೆಗೆ ಕೊಟ್ಟು ಎರಡೂ ಗುಂಪುಗಳು ನಾಶವಾಗುವಂತೆ ಮಾಡುತ್ತಾನೆ. ಊರಿನ ಅಟ್ಟಣಿಗೆಯ ಮೇಲೆ ಕುಳಿತು, ಕೆಳಗೆ ಎರಡು ಗುಂಪಿನವರು ಹೆದರಿಕೊಂಡೇ ಮುಂದೆ ಬಂದು ಹಿಂದೆ ಸರಿಯುವುದನ್ನು ನೋಡಿ ನಗುವ ದೃಶ್ಯವೊಂದಿದೆ. ನನಗೆ ಇಡೀ ಚಿತ್ರವೇ ಅಲ್ಲಿದೆ ಅನ್ನಿಸಿತು. ಕುರೊಸಾವ ಅವರ ಕ್ಯಾಮೆರಾ ಮನುಷ್ಯನನ್ನು ಪೂರ್ತಿ ಮೈಯಾಗಿ ನೋಡುತ್ತದೆ. ನಾಯಕ ತೊಷಿರೊ ಮಿಫುನೆ ಭುಜ ಕುಣಿಸುವ ರೀತಿ, ಗಡ್ಡ ಕೆರೆಯುವ ರೀತಿ, ಬೆನ್ನು ತಿರುಗಿಸಿ ನಡೆಯುವ ರೀತಿ ಇವುಗಳಿಂದಲೇ ಆತ ಎಂಥವನೆಂದು ಗೊತ್ತಾಗುತ್ತದೆ. ಕತ್ತಿ ಹೊರಬಂದರೆ ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ.

ಮೂರು ವರ್ಷಗಳ ನಂತರ, 1964ರಲ್ಲಿ, ಇಟಲಿಯ ಸರ್ಜಿಯೊ ಲಿಯೊನೆ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿದರು. ಚಿತ್ರೀಕರಣ ಸ್ಪೇನಿನಲ್ಲಿ. ನಾಯಕ ಆಗ ಅಮೆರಿಕದ ಟಿವಿ ಧಾರಾವಾಹಿಯ ನಟನಾಗಿದ್ದ ಕ್ಲಿಂಟ್ ಈಸ್ಟ್‌ವುಡ್. ಇಟಲಿಯವರು ಮಾಡಿದ ಕೌಬಾಯ್ ಚಿತ್ರ ಯಾರಿಗೆ ಬೇಕು ಎಂಬ ಭಯದಿಂದ ಹೆಸರುಗಳನ್ನೇ ಬದಲಾಯಿಸಿದರು. ಲಿಯೊನೆ ‘ಬಾಬ್ ರಾಬರ್ಟ್‌ಸನ್’ ಆದರು, ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆ ‘ಡಾನ್ ಸ್ಯಾವಿಯೊ’ ಆದರು. ಬ್ರ್ಯಾಂಡಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಥೆಯ ಮಟ್ಟಿಗೆ ಹೇಳುವುದಾದರೆ ಇದು ಯೋಜಿಂಬೊ ಚಿತ್ರವೇ. ಹೊರಗಿನಿಂದ ಬರುವ ಒಬ್ಬ, ಎರಡು ಗುಂಪು, ಹೋಟೆಲಿನ ಮುದುಕ, ಶವಪೆಟ್ಟಿಗೆ ಮಾಡುವವನು, ಸೆರೆಯಲ್ಲಿರುವ ಒಬ್ಬ ತಾಯಿಯ ಬಿಡುಗಡೆ, ಅದಕ್ಕಾಗಿ ನಾಯಕನಿಗೆ ಬೀಳುವ ಏಟು, ಆತ ತಪ್ಪಿಸಿಕೊಂಡು ಹೋಗಿ ಮರಳಿ ಬರುವುದು ಎಲ್ಲವೂ ಅದೇ ಸಾಲಿನಲ್ಲಿ. ಅನುಮತಿ ಪಡೆದಿರಲಿಲ್ಲ. ಚಿತ್ರ ಚೆನ್ನಾಗಿದೆ, ಆದರೆ ಅದು ನನ್ನ ಚಿತ್ರ ಎಂಬ ಅರ್ಥ ಬರುವಂತೆ ಕುರೊಸಾವ ಪತ್ರ ಬರೆದರು ಎಂಬ ಮಾತು ಪ್ರಸಿದ್ಧ. ಲಿಯೊನೆ ಸುಮ್ಮನಿರಲಿಲ್ಲ. ಇಬ್ಬರು ಯಜಮಾನರಿಗೆ ದುಡಿಯುವ ಆಳಿನ ಕಥೆಯನ್ನು ನಮ್ಮ ಗೋಲ್ಡೋನಿ 18ನೇ ಶತಮಾನದಲ್ಲೇ ನಾಟಕವಾಗಿ ಬರೆದಿದ್ದರು ಎಂದು ವಾದಿಸಿದರು. ಜಾಣ ವಾದ, ಆದರೆ ನಡೆಯಲಿಲ್ಲ. ಕೊನೆಗೆ ರಾಜಿಯಾಯಿತು. ಜಪಾನಿನವರಿಗೆ ಚಿತ್ರದ ಜಾಗತಿಕ ಗಳಿಕೆಯಲ್ಲಿ ಶೇ. 15 ಭಾಗ ಮತ್ತು ಜಪಾನ್, ತೈವಾನ್, ದಕ್ಷಿಣ ಕೊರಿಯಾಗಳ ವಿತರಣೆ ಹಕ್ಕು ಸಿಕ್ಕಿತೆಂದು ಸಿನಿಮಾ ಇತಿಹಾಸಕಾರರು ಬರೆಯುತ್ತಾರೆ. ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು 1967ರಲ್ಲಿ.

ಈ ಪ್ರಶ್ನೆ ನಮ್ಮ ದೇಶದ ನ್ಯಾಯಾಲಯಕ್ಕೂ ಬಂದಿದೆ. ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದಿದ್ದ ಆರ್. ಜಿ. ಆನಂದ್ ಅವರು ‘ನ್ಯೂ ಡೆಲ್ಲಿ’ (1956) ಎಂಬ ಹಿಂದಿ ಚಿತ್ರ ತಮ್ಮ ನಾಟಕದ ಕಳವು ಎಂದು ದಾವೆ ಹೂಡಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಲ್ಪನೆ, ವಸ್ತು, ಕಥಾಹಂದರ ಇವುಗಳಿಗೆ ಕೃತಿಸ್ವಾಮ್ಯ ಇಲ್ಲ. ಅದನ್ನು ಹೇಳಿದ ರೀತಿಗೆ ಮಾತ್ರ ಇದೆ. ಅದೇ ವಸ್ತುವನ್ನು ಬೇರೆ ರೀತಿಯಲ್ಲಿ ನಿರೂಪಿಸಿ ಅದು ಹೊಸ ಕೃತಿಯೇ ಆಗಿದ್ದರೆ ಕಳವು ಆಗುವುದಿಲ್ಲ. ತೀರ್ಪಿನ ಸಾರ ಇದು. ಅಂದರೆ ನಾವು ‘ಶೈಲಿ’ ಎಂದು ಕರೆಯುವುದಕ್ಕೆ ಕಾನೂನಿನಲ್ಲೂ ಬೆಲೆ ಇದೆ. ಈ ಅಳತೆಯಲ್ಲಿ ನೋಡಿದರೂ ಲಿಯೊನೆ ಅವರು ಮೊದಲ ಚಿತ್ರಕ್ಕೆ ಹಣ ಕೊಟ್ಟದ್ದು ನ್ಯಾಯವೇ. ಅಲ್ಲಿ ತೆಗೆದುಕೊಂಡದ್ದು ವಸ್ತು ಮಾತ್ರ ಆಗಿರಲಿಲ್ಲ, ದೃಶ್ಯಗಳ ಸರಣಿಯೇ ಆಗಿತ್ತು.

ಆದರೂ ಎರಡೂ ಚಿತ್ರಗಳನ್ನು ಒಂದಾದ ಮೇಲೊಂದು ನೋಡಿದರೆ ಎರಡನೆಯದು ಬೇರೆಯದೇ ವಸ್ತುವಿನ ಹಾಗೆ ಕಾಣುತ್ತದೆ. ಯಾಕೆ? ಒಂದು ಕಾರಣ ಬಜೆಟ್. ಲಿಯೊನೆ ಬಳಸಿದ್ದು ‘ಟೆಕ್ನಿಸ್ಕೋಪ್’ ಎಂಬ ವಿಧಾನ. ಸಾಮಾನ್ಯವಾಗಿ 35 ಮಿ.ಮೀ. ಫಿಲ್ಮಿನಲ್ಲಿ ಒಂದು ಚೌಕಟ್ಟಿಗೆ ಅಂಚಿನ ನಾಲ್ಕು ತೂತುಗಳಷ್ಟು ಉದ್ದ ಬೇಕು. ಇದರಲ್ಲಿ ಎರಡೇ ಸಾಕು, ಅಂದರೆ ಅರ್ಧ ಫಿಲ್ಮ್ ಉಳಿತಾಯ. ಚೌಕಟ್ಟು ಅಗಲ, ಎತ್ತರ ಕಡಿಮೆ. ಅಂಥ ಪಟ್ಟಿಯಲ್ಲಿ ಮುಖವನ್ನು ಬಹಳ ಹತ್ತಿರದಿಂದ ತೆಗೆದರೆ ಹಣೆ, ಗಲ್ಲ ಎರಡೂ ಕತ್ತರಿಸಿಹೋಗಿ ಕಣ್ಣು ಮಾತ್ರ ಉಳಿಯುತ್ತದೆ. ಆ ಕಣ್ಣುಗಳೇ ಲಿಯೊನೆ ಅವರ ಗುರುತಾದವು. ಕುರೊಸಾವ ಇಡೀ ಮೈಯಿಂದ ಹೇಳಿದ್ದನ್ನು ಇವರು ಎರಡು ಕಣ್ಣುಗಳಿಂದ ಹೇಳಿದರು. ಒಂದು ಕ್ಷಣ ದೂರದ ಮರುಭೂಮಿ, ಮರುಕ್ಷಣ ಬೆವರಿದ ಹುಬ್ಬು. ಮಧ್ಯದ ದೂರ ಅವರಿಗೆ ಅಷ್ಟಾಗಿ ಬೇಡ.

ಇನ್ನೊಂದು, ಮುಖ್ಯವಾದದ್ದು, ಸಮಯ. ಒಂದು ಚಿತ್ರದ ನಿಮಿಷಗಳನ್ನು ಖರ್ಚಿನ ಲೆಕ್ಕದ ಹಾಗೆ ಬರೆದರೆ ನಿರ್ದೇಶಕ ಯಾರೆಂದು ಗೊತ್ತಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಹಳೆಯ ವೆಸ್ಟರ್ನ್‌ನಲ್ಲಿ ಕಾಳಗಕ್ಕೆ ಮುಂಚಿನ ಕಾಯುವಿಕೆ ಚಿಕ್ಕದು. ಲಿಯೊನೆ ತಮ್ಮ ಖರ್ಚನ್ನೆಲ್ಲ ಅಲ್ಲೇ ಹಾಕುತ್ತಾರೆ. ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ (1966) ಚಿತ್ರದ ಕೊನೆಯಲ್ಲಿ ಸಮಾಧಿಗಳ ನಡುವಿನ ವೃತ್ತದಲ್ಲಿ ಮೂವರು ಎದುರುಬದುರು ನಿಲ್ಲುತ್ತಾರೆ. ನಿಮಿಷಗಳು ಕಳೆಯುತ್ತವೆ, ಒಂದು ಗುಂಡೂ ಹಾರುವುದಿಲ್ಲ. ಕಣ್ಣು, ಕೈ, ಮತ್ತೆ ಕಣ್ಣು. ಹಿಂದೆ ಏರುತ್ತಾ ಹೋಗುವ ಮೊರಿಕೋನೆ ಸಂಗೀತ. ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ (1968) ಇನ್ನೂ ಮುಂದೆ ಹೋಗುತ್ತದೆ. ಅದರ ಆರಂಭದಲ್ಲಿ ಮೂವರು ಒಂದು ಹಾಳು ರೈಲು ನಿಲ್ದಾಣದಲ್ಲಿ ಸುಮ್ಮನೆ ಕಾಯುತ್ತಾರೆ. ಒಬ್ಬನ ಟೋಪಿಯ ಮೇಲೆ ನೀರು ತೊಟ್ಟಿಕ್ಕುತ್ತದೆ, ಒಬ್ಬನ ಮುಖದ ಮೇಲೆ ನೊಣ ಕೂರುತ್ತದೆ, ಎಲ್ಲೋ ಗಾಳಿಯಂತ್ರ ಕಿರುಗುಟ್ಟುತ್ತದೆ. ಮಾತು ಬಹುತೇಕ ಇಲ್ಲ. ನನ್ನ ಅಣ್ಣ ಇದನ್ನು ನೋಡಿ “ಫಾರ್ವರ್ಡ್ ಮಾಡೋ” ಅಂದ. ಫಾರ್ವರ್ಡ್ ಮಾಡಿದರೆ ಉಳಿಯುವುದು ಹಳೆಯ ಕೌಬಾಯ್ ಚಿತ್ರ ಮಾತ್ರ.

ನಾಯಕನೂ ಬದಲಾದ. ಫೋರ್ಡ್ ಅವರ ಕರ್ತವ್ಯನಿಷ್ಠನ ಜಾಗದಲ್ಲಿ ಡಾಲರ್ ಎಣಿಸುವವನು ಬಂದ. ಶೀರ್ಷಿಕೆಯಲ್ಲೇ ಡಾಲರ್ ಇದೆ! 1968ರ ಚಿತ್ರದಲ್ಲಂತೂ ಫೋರ್ಡ್ ಅವರ ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ (1946) ಚಿತ್ರದಲ್ಲಿ ನ್ಯಾಯದ ಪಕ್ಷದಲ್ಲಿದ್ದ ಹೆನ್ರಿ ಫೋಂಡಾ ಅವರನ್ನೇ ಮಗುವನ್ನು ಕೊಲ್ಲುವ ಕ್ರೂರಿಯನ್ನಾಗಿ ಮಾಡಿದರು. ಕ್ಯಾಮೆರಾ ನಿಧಾನವಾಗಿ ತಿರುಗಿ ಆ ನೀಲಿ ಕಣ್ಣುಗಳನ್ನು ತೋರಿಸುತ್ತದೆ. ಒಂದು ಪ್ರಕಾರಕ್ಕೆ ತಾನೇ ಕಟ್ಟಿದ್ದ ನಂಬಿಕೆಯನ್ನು ಅದರದೇ ಮುಖದಿಂದ ಒಡೆದದ್ದು ಇದು.

ಈಗ ರಾಮನಗರಕ್ಕೆ ಬರೋಣ. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ಊರು, ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದದ್ದು. ಅಲ್ಲಿರುವ ನಮ್ಮ ಸಂಬಂಧಿಕರಿಗೆ ‘ರೀಲ್’ ಎಂದರೆ ಇವತ್ತಿಗೂ ಮೊದಲು ನೂಲು, ಆಮೇಲೆ ಸಿನಿಮಾ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ಅಲ್ಲಿನ ಬಂಡೆಗಳ ನಡುವೆ ‘ಶೋಲೆ’ ಚಿತ್ರೀಕರಣ ಶುರು ಮಾಡಿದರು. ಸಲೀಂ-ಜಾವೇದ್ ಬರವಣಿಗೆ. ಜಾವೇದ್ ಅವರು ಸಂಭಾಷಣೆಯನ್ನು ಉರ್ದು ಲಿಪಿಯಲ್ಲೇ ಬರೆಯುವವರು. ಗಬ್ಬರ್‌ನ ಮಾತುಗಳು ನಮ್ಮ ಮನೆಗಳಲ್ಲಿ ಅಷ್ಟು ಬಾಯಿಪಾಠವಾಗಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಠಾಕೂರನ ಕುಟುಂಬದ ಹತ್ಯೆಯ ದೃಶ್ಯ ನೋಡಿದರೆ 1968ರ ಲಿಯೊನೆ ಚಿತ್ರದ ನೆನಪು ಬಂದೇ ಬರುತ್ತದೆ. ಬಯಲಿನ ನಡುವೆ ಒಂಟಿ ಮನೆ, ಎಲ್ಲಿಂದಲೋ ಗುಂಡು, ಒಬ್ಬೊಬ್ಬರಾಗಿ ಬೀಳುವ ಮನೆಯವರು, ಕೊನೆಗೆ ಕೊಲೆಗಾರನ ಎದುರು ಒಬ್ಬ ಪುಟ್ಟ ಹುಡುಗ. ಇದು ಕಾಕತಾಳೀಯ ಎಂದು ನಾನು ಹೇಳಲಾರೆ. ಗುಂಡಿನ ನಂತರ ರೈಲು ಕಾಣಿಸುವುದೂ ಎರಡರಲ್ಲಿಯೂ ಇದೆ. “ಕಾಪಿ” ಎನ್ನುವವರ ಮಾತು ಈ ಒಂದು ದೃಶ್ಯಕ್ಕೆ ಸರಿ.

ಆದರೆ ಅದೇ ಲಿಯೊನೆ ಚಿತ್ರದಲ್ಲಿ ಒಂದು ಮೌತ್ ಆರ್ಗನ್ ಇದೆ. ನಾಯಕನಿಗೆ ಅದು ಹಳೆಯ ಒಂದು ಕೊಲೆಯ ನೆನಪು. ಅದರ ಕರ್ಕಶ ಸ್ವರ ಕೇಳಿದರೆ ಸೇಡು ಹತ್ತಿರ ಬಂತೆಂದು ಅರ್ಥ. ಶೋಲೆಯಲ್ಲೂ ಮೌತ್ ಆರ್ಗನ್ ಇದೆ. ಸಂಜೆ ಜೈ ಮೆಟ್ಟಿಲ ಮೇಲೆ ಕುಳಿತು ನುಡಿಸುತ್ತಾನೆ. ಎದುರಿನ ಮನೆಯಲ್ಲಿ ವಿಧವೆ ರಾಧಾ ಒಂದೊಂದೇ ದೀಪ ಆರಿಸುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಡಕಾಯಿತರ ಚಿತ್ರದಲ್ಲಿ, ಗುಂಡಿನ ಸದ್ದಿನ ಮಧ್ಯೆ, ಸಿಪ್ಪಿ ತಮ್ಮ ನಿಮಿಷಗಳನ್ನು ಒಬ್ಬ ವಿಧವೆಯ ದೀಪಕ್ಕೆ ಖರ್ಚು ಮಾಡುತ್ತಾರೆ. ಲಿಯೊನೆ ಚಿತ್ರದಲ್ಲಿ ಅಂಥ ಸಂಜೆಗೆ ಜಾಗವೇ ಇರಲಿಲ್ಲ. ಹೋಳಿ ಹಾಡು, ಬಸಂತಿಯ ಹರಟೆ, ಜೈಲಿನ ತಮಾಷೆ ಕೂಡ ಅಷ್ಟೇ. ಕೆಲವರಿಗೆ ಇವು ಕಥೆಗೆ ಅಡ್ಡಿ ಎನ್ನಿಸಬಹುದು. ಗಬ್ಬರ್ ಬಂದಾಗ ಆ ಊರಿಗೆ ಕಳೆದುಕೊಳ್ಳಲು ಏನಾದರೂ ಇರಬೇಕಲ್ಲ ಎಂಬುದು ನನ್ನ ವಾದ.

ನೋಡಬೇಕೆನ್ನುವವರು ಯೋಜಿಂಬೊದಿಂದ ಶುರು ಮಾಡಿ. ಕಪ್ಪು-ಬಿಳುಪು, ಜಪಾನಿ ಭಾಷೆ, ಸಬ್‌ಟೈಟಲ್ ಓದಬೇಕಾಗುತ್ತದೆ. ಲಿಯೊನೆ ಚಿತ್ರಗಳಲ್ಲಿ ರಕ್ತ ಹೆಚ್ಚು, ಮನೆಯಲ್ಲಿ ಚಿಕ್ಕವರಿದ್ದರೆ ಬೇಡ. ಶೋಲೆ ಮೂರು ಗಂಟೆಗೂ ಮೀರಿದ್ದು. ಪರೀಕ್ಷೆ ಮುಗಿದ ಮೇಲೆ, ಕೈಯಲ್ಲಿ ಒಂದು ಗಡಿಯಾರ ಇಟ್ಟುಕೊಂಡು ನೋಡಿ. ಯಾವುದಕ್ಕೆ ಎಷ್ಟು ನಿಮಿಷ ಎಂದು ಬರೆದುಕೊಂಡವರು ನನಗೂ ತೋರಿಸಿ.