ಜಾಲತಾಣ ವಿನ್ಯಾಸ: ಸಿ.ಎಸ್.ಎಸ್. ಕಲಿಕೆಗೆ ಅಂತರ್ಜಾಲದ ಉಚಿತ ನೆರವು

ಕುರೆಕುಪ್ಪ, ತೋರಣಗಲ್ಲು, ಹೊಸಪೇಟೆಗಳ ಫ್ಯಾಬ್ರಿಕೇಷನ್ ಘಟಕಗಳಾಗಲಿ, ಬಿಡಿಭಾಗಗಳ ಮಾರಾಟಗಾರರಾಗಲಿ ದೊಡ್ಡ ಕಾರ್ಖಾನೆಗೆ ದರಪಟ್ಟಿ ಕಳುಹಿಸುವಾಗ ತಮ್ಮ ಜಾಲತಾಣದ ವಿಳಾಸವನ್ನೂ ನಮೂದಿಸುವುದುಂಟು. ಖರೀದಿ ಅಧಿಕಾರಿಯು ಅದನ್ನು ಮೊಬೈಲಿನಲ್ಲಿ ತೆರೆದಾಗ ಅಕ್ಷರಗಳು ಇರುವೆಯಷ್ಟಾಗಿ, ದೂರವಾಣಿ ಸಂಖ್ಯೆ ಪರದೆಯಾಚೆ ಸರಿದಿದ್ದರೆ ವಿಚಾರಣೆ ಬೇರೆಯವರ ಪಾಲಾಗುತ್ತದೆ. ಇಂತಹ ಸಣ್ಣ ತಿದ್ದುಪಡಿಗೂ ಪ್ರತಿ ಸಲ ಶುಲ್ಕ ತೆರುವುದಕ್ಕಿಂತ ಕಚೇರಿಯಲ್ಲಿ ಒಬ್ಬರು ಸಿ.ಎಸ್.ಎಸ್. ಕಲಿಯುವುದು ಲಾಭದಾಯಕ.

ಲೆಕ್ಕಪತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಎಚ್.ಟಿ.ಎಂ.ಎಲ್. ಎಂಬುದು ಖಾತೆಯಲ್ಲಿನ ವಿವರ, ಸಿ.ಎಸ್.ಎಸ್. ಎಂಬುದು 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಯಿದ್ದಂತೆ. ಯಾವುದು ಎಲ್ಲಿ, ಹೇಗೆ ಕಾಣಬೇಕೆಂದು ಅದು ವಿಧಿಸುತ್ತದೆ, ಅಂಕಿಗಳನ್ನು ಮುಟ್ಟುವುದಿಲ್ಲ. ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲಿ ಇದನ್ನು ಸೂಚಿಸಿದರು; ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1996ರ ಡಿಸೆಂಬರಿನಲ್ಲಿ ಮೊದಲ ಆವೃತ್ತಿಯನ್ನು ಅಂಗೀಕರಿಸಿತು. 2003ರಲ್ಲಿ ಡೇವ್ ಶೇ ಆರಂಭಿಸಿದ ‘ಸಿ.ಎಸ್.ಎಸ್. ಜೆನ್ ಗಾರ್ಡನ್’ ತಾಣದಲ್ಲಿ ಒಂದೇ ಬರಹವು ಹತ್ತಾರು ವೇಷಗಳಲ್ಲಿ ಕಾಣುವುದನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ.

ಕಲಿಕೆಗೆ ‘ಡಬ್ಲ್ಯು3ಸ್ಕೂಲ್ಸ್’ ಉತ್ತಮ ಆರಂಭ. ಅಲ್ಲಿಯೇ ಉದಾಹರಣೆಯನ್ನು ತಿದ್ದಿ ಫಲಿತಾಂಶ ನೋಡಬಹುದು. ಹೆಸರಿನಲ್ಲಿ ಹೋಲಿಕೆಯಿದ್ದರೂ ಇದು ಮೇಲ್ಕಂಡ ಕನ್ಸಾರ್ಷಿಯಂಗೆ ಸೇರಿದ್ದಲ್ಲ. ನಿಖರ ವಿವರಣೆಗೆ ಮೊಜಿಲ್ಲಾದ ‘ಎಂ.ಡಿ.ಎನ್.’ ತಾಣವನ್ನೇ ನೋಡಬೇಕು. ಪರೀಕ್ಷೆಯ ಗೈಡಿಗೂ ಕಾಯ್ದೆಯ ಮೂಲಪಾಠಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ. ಅಭ್ಯಾಸಕ್ಕೆ ‘ಫ್ರೀಕೋಡ್‌ಕ್ಯಾಂಪ್’ ಉಂಟು. ಅಂಶಗಳನ್ನು ಸಾಲಾಗಿ ಜೋಡಿಸುವ ಕ್ರಮ ಕಲಿಸುವ ‘ಫ್ಲೆಕ್ಸ್‌ಬಾಕ್ಸ್ ಫ್ರಾಗಿ’ ಮಕ್ಕಳ ಕಪ್ಪೆಯಾಟದಂತೆ ಕಂಡರೂ ಉಪಯುಕ್ತವೇ. ಬರೆದುದರ ದೋಷ ಹುಡುಕಲು ಕನ್ಸಾರ್ಷಿಯಂನದೇ ಉಚಿತ ಪರಿಶೀಲನಾ ಸಾಧನವಿದೆ. ಅದನ್ನು ಆಡಿಟ್ ಎನ್ನಬಹುದು, ಶುಲ್ಕವಿಲ್ಲದ್ದು!

ಪ್ರಯೋಗಕ್ಕೆ ಹೆದರಬೇಕಿಲ್ಲ. ಗಣಕಯಂತ್ರದ ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಸಾಮಾನ್ಯವಾಗಿ ಎಫ್12 ಕೀಲಿ ಒತ್ತಿದರೆ ತೆರೆಯುವ ಫಲಕದಲ್ಲಿ ವಿನ್ಯಾಸ ಬದಲಿಸಿದರೆ ಅದು ನಿಮ್ಮ ಪರದೆಗಷ್ಟೇ ಸೀಮಿತ. ಪುಟವನ್ನು ಮತ್ತೆ ತೆರೆದಾಗ ಮೊದಲಿನಂತಾಗುತ್ತದೆ. ಮೊಬೈಲಿನ ಅಳತೆಯಲ್ಲಿ ಪುಟ ಹೇಗೆ ಕಾಣುವುದೆಂದೂ ಅಲ್ಲೇ ತಿಳಿಯುತ್ತದೆ. ಪರದೆಯ ಅಗಲಕ್ಕೆ ತಕ್ಕಂತೆ ವಿನ್ಯಾಸ ಬದಲಿಸುವ ‘ಮೀಡಿಯಾ ಕ್ವೆರಿ’ಯನ್ನು ಮೊದಲ ತಿಂಗಳಲ್ಲೇ ಕಲಿಯುವುದು ಲೇಸು.

ಕನ್ನಡ ಪುಟಗಳಿಗೆ ವಿಶೇಷ ಎಚ್ಚರ ಬೇಕು. ಇಂಗ್ಲಿಷಿಗೆಂದು ಇಟ್ಟ ಸಾಲಿನ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ‘ಲೈನ್-ಹೈಟ್’ ಬೆಲೆಯನ್ನು 1.6ರಷ್ಟಿಡುವುದು ಕ್ಷೇಮ. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಅಕ್ಷರಶೈಲಿಗಳು ಉಚಿತ. ನುಡಿ, ಬರಹಗಳ ಹಳೆಯ ಸಂಕೇತದಲ್ಲಿರುವ ಪಠ್ಯವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.

ಕಂಪನಿಯಾಗಿ ನೋಂದಾಯಿತರಾದವರು ಇನ್ನೊಂದನ್ನು ಗಮನಿಸಬೇಕು. 2014ರ ಕಂಪನಿ ಸ್ಥಾಪನಾ ನಿಯಮಗಳ 26ನೆಯ ನಿಯಮಕ್ಕೆ 2016ರಲ್ಲಾದ ತಿದ್ದುಪಡಿಯಂತೆ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಸಿ.ಐ.ಎನ್., ದೂರವಾಣಿ, ಇ-ಮೇಲ್, ಸಂಪರ್ಕಿಸಬೇಕಾದವರ ಹೆಸರು ಮುಖಪುಟದಲ್ಲಿರಬೇಕು. ಬೂದು ಹಿನ್ನೆಲೆಯ ಮೇಲೆ ಬೂದು ಬಣ್ಣದ ಅತಿಸಣ್ಣ ಅಕ್ಷರದಲ್ಲಿ ಅವನ್ನು ಅಡಗಿಸಿದರೆ ನಿಯಮದ ಉದ್ದೇಶ ಈಡೇರದು.

ಕಲಿಕೆಗೆ ಮುನ್ನ ತಾಣದ ಡೊಮೇನ್ ಹೆಸರು ಸಂಸ್ಥೆಯ ಹೆಸರಿನಲ್ಲಿದೆಯೇ, ವಿನ್ಯಾಸಕಾರರ ಹೆಸರಿನಲ್ಲಿದೆಯೇ ಎಂದು ಪರಿಶೀಲಿಸಿ, ಹೋಸ್ಟಿಂಗ್‌ನ ಪಾಸ್‌ವರ್ಡನ್ನೂ ಸಿ.ಎಸ್.ಎಸ್. ಕಡತದ ಒಂದು ಪ್ರತಿಯನ್ನೂ ಪಡೆದಿಟ್ಟುಕೊಳ್ಳತಕ್ಕದ್ದು.