ಶೀರ್ಷಿಕೆಯ ಅಕ್ಷರ, ಒಡಲಿನ ಅಕ್ಷರ

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಸ್ಥಾಪಿತವಾದುದು. ಅಲ್ಲಿನ ಓಲೆಗರಿಗಳಲ್ಲಿ ಅಕ್ಷರದ ಗೆರೆಯು ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಅದು ಲೋಹದ ಕಂಟದ ಮೊನೆಯಿಂದ ಕೊರೆದುದು. ಲೇಖನಿ ಮತ್ತು ಅಚ್ಚುಮೊಳೆಗಳಲ್ಲಿ ಮಾತ್ರ ಒಂದೇ ಅಕ್ಷರದೊಳಗೆ ದಪ್ಪಗೆರೆ, ಎಳೆಗೆರೆಗಳ ಭೇದವು ಎದ್ದು ಕಾಣುತ್ತದೆ. ಈ ಭೇದವನ್ನು ಪರಾಕಾಷ್ಠೆಗೆ ಒಯ್ದವರಲ್ಲಿ ಇಟಲಿಯ ಪಾರ್ಮಾ ನಗರದ ಮುದ್ರಕ ಬೊಡೋನಿ (1740–1813) ಪ್ರಮುಖನು. ಅವನ ರೋಮನ್ ಅಕ್ಷರಗಳಲ್ಲಿ ನಿಲುಗೆರೆಯು ಕಂಬದಂತೆ ದಪ್ಪ, ಅಡ್ಡಗೆರೆಯು ಕೂದಲೆಳೆಯಂತೆ ತೆಳು.

ಇಂತಹ ಅಕ್ಷರವು ಮುಖಪುಟದಲ್ಲಿಯೂ ಆಮಂತ್ರಣ ಪತ್ರಿಕೆಯ ತಲೆಬರಹದಲ್ಲಿಯೂ ಗಾಂಭೀರ್ಯದಿಂದ ಶೋಭಿಸುತ್ತದೆ. ಆದರೆ ಸಣ್ಣ ಗಾತ್ರದಲ್ಲಿ, ಒರಟು ಕಾಗದದ ಮೇಲೆ, ಮೊದಲು ಮಾಯವಾಗುವುದು ಎಳೆಗೆರೆಯೇ. ಕನ್ನಡದಲ್ಲಿ ಈ ನಷ್ಟವು ಕೇವಲ ಅಂದಕ್ಕೆ ಸಂಬಂಧಿಸಿದುದಲ್ಲ. ದ–ಧ, ಡ–ಢ ಇವುಗಳ ಅಂತರವೆಲ್ಲ ಬುಡದ ಒಂದು ಚಿಕ್ಕ ಸೀಳುಗೆರೆಯಲ್ಲಿದೆ. ಅದು ಅಳಿಸಿಹೋದರೆ, ಶಾಲೆಗೆ ‘ಧನ’ವಿತ್ತ ಮಹನೀಯರು ದಾನಿಗಳ ಪಟ್ಟಿಯಲ್ಲಿ ‘ದನ’ವಿತ್ತವರಾಗುತ್ತಾರೆ! ಒತ್ತಕ್ಷರಗಳಿಗೂ ಇದೇ ಅಪಾಯವುಂಟು.

ಆದಕಾರಣ ಕೆಲವೇ ಪದಗಳ ಶೀರ್ಷಿಕೆಗೆ, ದೊಡ್ಡ ಗಾತ್ರದಲ್ಲಿ, ಸುತ್ತ ಸಾಕಷ್ಟು ಬಿಳಿ ಜಾಗವನ್ನು ಬಿಟ್ಟು ಈ ಅಕ್ಷರವನ್ನು ಬಳಸುವುದು ಯುಕ್ತ. ಪಾಠದ ಒಡಲಿಗೂ ದಾನಿಗಳ ನಾಮಾವಳಿಗೂ ಗೆರೆ ಸಮನಾಗಿರುವ ಅಕ್ಷರವೇ ಲೇಸು. ಗಣಕಯಂತ್ರದ ಪರದೆಯಲ್ಲಿ ಹಿಗ್ಗಿಸಿ ನೋಡಿ ತೀರ್ಮಾನಿಸಲಾಗದು. ಅಚ್ಚಾಗಲಿರುವ ಕಾಗದದ ಮೇಲೆಯೇ, ಅದೇ ಗಾತ್ರದಲ್ಲಿ ಒಂದು ಪುಟವನ್ನು ತೆಗೆದು, ವಿದ್ಯಾರ್ಥಿಯೊಬ್ಬನಿಂದ ಗಟ್ಟಿಯಾಗಿ ಓದಿಸಬೇಕು. ಅವನು ಎಲ್ಲಿ ತಡವರಿಸುವನೋ ಅಲ್ಲಿ ದೋಷವು ಅಕ್ಷರದ್ದು, ಅವನದಲ್ಲ.